ಕುಕ್ಕರ್ ಸುಟ್ಟಿದ್ದು ಭಾವನಿಂದಲ್ಲ

ನಿಶಿ ಕಸಾಯ್, ಟೋಕಿಯೊ
ಫೆಬ್ರವರಿ 8

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ನಾನಿಲ್ಲಿ ಚೆನ್ನಾಗಿದ್ದೇನೆ. ನೀವೆಲ್ಲ ಚೆನ್ನಾಗಿದ್ದೀರಿ ಅಂತ ನಿನ್ನೆ ರಾತ್ರಿ ತಾನೇ ನೋಡಿದೆ. ದಿನಾ ವಿಡಿಯೋ ಕಾಲ್ ಮಾಡುವವನು ಈಗ ಪತ್ರ ಯಾಕೆ ಬರೆದ ಅಂತ ಗಾಬರಿಯಾಗಬೇಡ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀಯ. ಅಮ್ಮ, ಚಿಕ್ಕಮ್ಮ, ಪುಟ್ಟ ಎಲ್ಲರೂ ಸುತ್ತ ಕೂತಿರುತ್ತಾರೆ. ಅಷ್ಟು ಜನರ ಮುಂದೆ ಈ ವಿಷಯ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ದೀಪಾವಳಿಯಲ್ಲಿ ನಾನು ತಂದುಕೊಟ್ಟ ರೈಸ್ ಕುಕ್ಕರ್ ಸುಟ್ಟುಹೋಯಿತಲ್ಲ, ಅದು ಭಾವನ ತಪ್ಪಲ್ಲ. ನನ್ನ ತಪ್ಪು.

ಅವತ್ತು ನಾನು ವಾಪಸ್ ಹೊರಟು ಎರಡು ದಿನ ಆಗಿತ್ತು. ಭಾವ ಪ್ಲಗ್ ಹಾಕಿದರು, ಸ್ವಿಚ್ ಒತ್ತಿದರು, ಟಪ್ ಅಂತ ಸದ್ದು ಬಂತು, ಎಂಸಿಬಿ ಬಿತ್ತು, ಅಡುಗೆಮನೆ ತುಂಬ ಸುಟ್ಟ ವಾಸನೆ. ಇಷ್ಟನ್ನು ನೀನೇ ಫೋನಿನಲ್ಲಿ ಹೇಳಿದೆ. 'ಸಣ್ಣ ಸಾಕೆಟ್‌ಗೆ ಹಾಕೋ ಬದಲು ಗೀಸರ್ ಸಾಕೆಟ್‌ಗೆ ಹಾಕಿಬಿಟ್ಟರು' ಅಂತ ಅಮ್ಮ ಹಿಂದಿನಿಂದ ಅಂದಿದ್ದೂ ಕೇಳಿಸಿತು. ಭಾವ ಪಾಪ ಏನೂ ಮಾತಾಡಲಿಲ್ಲ. ನಾನೂ ಸುಮ್ನೆ ಇದ್ದೆ. ಅದೇ ನನಗೆ ಈಗಲೂ ಚುಚ್ಚುತ್ತಿರುವುದು. ಯಾವ ಸಾಕೆಟ್‌ಗೆ ಹಾಕಿದ್ದರೂ ಆ ಕುಕ್ಕರ್ ಸುಡುತ್ತಿತ್ತು ಅಕ್ಕಾ. ನಮ್ಮ ಮನೆಯ ಎರಡು ಸಾಕೆಟ್‌ನಲ್ಲೂ ಬರುವುದು 230 ವೋಲ್ಟೇ. ಆ ಕುಕ್ಕರ್ ಮಾಡಿದ್ದು 100 ವೋಲ್ಟ್‌ಗೆ.

ಜಪಾನಿನ ಮನೆಗಳಿಗೆ ಬರುವ ಕರೆಂಟ್ 100 ವೋಲ್ಟ್. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿತ್ತು. ಮೋಸ ಹೋಗಿದ್ದು ನನ್ನ ಲ್ಯಾಪ್‌ಟಾಪ್‌ನಿಂದ. ನೂರು ರೂಪಾಯಿಯ ಒಂದು ಅಡಾಪ್ಟರ್ ಪಿನ್ನು ಸಿಕ್ಕಿಸಿದರೆ ಅದು ಇಲ್ಲೂ ನಡೆಯುತ್ತೆ, ತಿಪಟೂರಿನಲ್ಲೂ ನಡೆಯುತ್ತೆ. ಹಾಗಾಗಿ ಕುಕ್ಕರ್ ಜೊತೆಗೂ ಅಂಥದೇ ಒಂದು ಪಿನ್ನು ಇಟ್ಟುಕೊಟ್ಟೆ. ಆ ಪಿನ್ನು ಮಾಡುವುದು ಒಂದೇ ಕೆಲಸ: ಇಲ್ಲಿಯ ಚಪ್ಪಟೆ ಕಡ್ಡಿ ನಮ್ಮ ದುಂಡು ತೂತಿಗೆ ಹೋಗುವ ಹಾಗೆ ಮಾಡುತ್ತೆ. ವೋಲ್ಟೇಜನ್ನು ಅದು ಮುಟ್ಟುವುದೂ ಇಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ 100-240 ಅಂತ ಬರೆದಿರುತ್ತೆ. ಅದು ಎಲ್ಲೆಲ್ಲೂ ನಡೆಯಲಿ ಅಂತಲೇ ಮಾಡಿದ್ದು. ಕುಕ್ಕರ್ ತಳ ತಿರುಗಿಸಿದ್ದರೆ ಅಲ್ಲಿ ಬೆಳ್ಳಿ ಬಣ್ಣದ ಚೀಟಿಯಲ್ಲಿ ಬರೀ 100 ಅಂತ ಇರುತ್ತಿತ್ತು. ನಾನು ತಿರುಗಿಸಲಿಲ್ಲ.

ಅಂಗಡಿಯ ಹುಡುಗ ಕೇಳಿದ್ದ ಕೂಡ. ಸೇಲ್ ಗದ್ದಲದಲ್ಲಿ ಏನೋ 'ಕೈಗೈ, ಕೈಗೈ' ಅಂದ. ನಾನು ಇಲ್ಲಿಯವರ ಥರ ತಲೆ ಬಗ್ಗಿಸಿ 'ಹಾಯ್, ಹಾಯ್' ಅಂದುಬಿಟ್ಟೆ. ಹಾಯ್ ಅಂದರೆ ಹೌದು. ಕೈಗೈ ಅಂದರೆ ಹೊರದೇಶ ಅಂತ ಗೊತ್ತಾಗಿದ್ದು ಆಮೇಲೆ. ಇದನ್ನು ಹೊರದೇಶಕ್ಕೆ ಒಯ್ಯುತ್ತೀರಾ ಅಂತ ಅವನು ಕೇಳಿರಬೇಕು. ಹೌದು ಅಂದವನಿಗೆ ಇನ್ನೂ ಏನೋ ಹೇಳಿದ. ಅದಕ್ಕೂ ಹಾಯ್ ಅಂದೆ!

ಮೆಕ್ಯಾನಿಕ್ ಬಿಚ್ಚಿ ನೋಡಿ ಬೋರ್ಡು ಕಪ್ಪಾಗಿದೆ ಅಂದನಂತಲ್ಲ. ಒಂದು ಲೆಕ್ಕದಲ್ಲಿ ಅದು ಮೊದಲೇ ಹೋಗಿದ್ದು ಒಳ್ಳೆಯದಾಯಿತು. ಅದೇನಾದರೂ ತಡೆದುಕೊಂಡಿದ್ದರೆ ಹೀಟರ್ ಸರದಿ ಬರುತ್ತಿತ್ತು. ಲೆಕ್ಕ ಮಾಡಿ ನೋಡಿದೆ. ಅದು 700 ವ್ಯಾಟಿನ ಹೀಟರ್. ವೋಲ್ಟೇಜು 2.3 ಪಟ್ಟಾದರೆ ಹರಿಯುವ ಕರೆಂಟೂ 2.3 ಪಟ್ಟಾಗುತ್ತೆ. ಎರಡನ್ನೂ ಗುಣಿಸಿದರೆ ಐದು ಪಟ್ಟಿಗಿಂತ ಜಾಸ್ತಿ ಬಿಸಿ. ಅಂದರೆ ಸುಮಾರು 3700 ವ್ಯಾಟ್. ನಿಮ್ಮ ಬಚ್ಚಲಿನ ಗೀಸರ್ 2000 ವ್ಯಾಟ್. ಹತ್ತತ್ರ ಎರಡು ಗೀಸರಿನ ಬಿಸಿ ಒಂದು ಅನ್ನದ ಪಾತ್ರೆ ಕೆಳಗೆ! ಪಕ್ಕದಲ್ಲೇ ಪುಟ್ಟ ನಿಂತಿದ್ದ ಅಂದೆಯಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತೆ.

ಈ ಎಡವಟ್ಟು ನನಗೆ ಹೊಸದೂ ಅಲ್ಲ. ಮೊದಲ ಸಲ ಇಲ್ಲಿಗೆ ಬಂದಾಗ ಅಮ್ಮ ಮಿಕ್ಸಿ ಕಟ್ಟಿಕೊಟ್ಟಿದ್ದಳು, ನೆನಪಿದೆಯಾ? ಅದು ಉಲ್ಟಾ ಕಥೆ. 230ಕ್ಕೆ ಮಾಡಿದ ಮಿಕ್ಸಿಗೆ 100 ಕೊಟ್ಟರೆ ಸುಡಲಿಲ್ಲ, ಉಪವಾಸ ಇದ್ದವರ ಹಾಗೆ ಮೆಲ್ಲಗೆ ತಿರುಗಿತು. ಕಾಯಿ ಚೂರು ಹಾಕಿದರೆ ಬ್ಲೇಡು ಅಲ್ಲೇ ನಿಂತಿತು. ಎರಡು ವಾರ ಬರೀ ಚಟ್ನಿಪುಡಿಯಲ್ಲೇ ದೋಸೆ ತಿಂದೆ. ಕೊನೆಗೆ ಊರಿಗೆ ಹೊರಟ ಬಿಹಾರದ ಹುಡುಗನೊಬ್ಬನಿಂದ ವೋಲ್ಟೇಜ್ ಏರಿಸುವ ಸ್ಟೆಪ್‌ಅಪ್ ಟ್ರಾನ್ಸ್‌ಫಾರ್ಮರ್ ತಗೊಂಡೆ. ಒಂದು ಕೈಯಲ್ಲಿ ಎತ್ತೋಕೆ ಆಗಲ್ಲ, ಅಂಥ ಕಬ್ಬಿಣದ ಗಡ್ಡೆ. ಅಡುಗೆಮನೆಯ ಮೂಲೆಯಲ್ಲಿ ರಾತ್ರಿಯೆಲ್ಲ ಝುಂ ಅನ್ನುತ್ತಿತ್ತು. ಈಗ ರುಬ್ಬುವ ಹೊತ್ತಿಗೆ ಮಾತ್ರ ಆನ್ ಮಾಡುತ್ತೇನೆ. ಚಟ್ನಿ ಚೆನ್ನಾಗಿ ಆಗುತ್ತೆ ಅಂತ ಅಮ್ಮನಿಗೆ ಹೇಳು.

ವೋಲ್ಟೇಜಿನ ಗೋಳು ಇಷ್ಟಾದರೆ ಈ ದೇಶದಲ್ಲಿ ಇನ್ನೊಂದು ತಮಾಷೆ ಇದೆ, ಭಾವನಿಗೆ ಇಷ್ಟವಾಗುತ್ತೆ. ಟೋಕಿಯೊ ಕಡೆ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತೆ, ನಮ್ಮೂರಿನ ಹಾಗೆಯೇ. ಒಸಾಕ ಕಡೆ 60. ಒಂದೇ ದೇಶ, ಎರಡು ಕರೆಂಟು! 1895ರಲ್ಲಿ ಟೋಕಿಯೊದವರು ಜರ್ಮನಿಯ ಎಇಜಿ ಕಂಪನಿಯಿಂದ ಜನರೇಟರ್ ತರಿಸಿದರು. ಮರುವರ್ಷ ಒಸಾಕದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಡೆ ಹೋದರು. ಅವತ್ತು ಬಿದ್ದ ಗೆರೆ ಇವತ್ತಿಗೂ ಅಳಿಸಿಲ್ಲ. ಫುಜಿ ನದಿಯಿಂದ ಇತೊಯಿಗಾವ ಅನ್ನುವ ಊರಿನ ತನಕ ದೇಶದ ನಡುವೆ ಎಳೆದ ಹಾಗಿದೆ. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹರಿಸಿದಾಗಲೂ ಅದೇ ಅಮೆರಿಕದ ಕಂಪನಿಯ ಯಂತ್ರಗಳೇ ಬಂದಿದ್ದವು. ಒಸಾಕಕ್ಕೂ ನಮಗೂ ಹಳೇ ನಂಟು ಅನ್ನು. ನನ್ನ ಆಫೀಸಿನವರೊಬ್ಬರು ಒಸಾಕದಿಂದ ವರ್ಗವಾಗಿ ಬಂದಾಗ ಹಳೇ ಮೈಕ್ರೋವೇವ್ ತಂದಿದ್ದರು. ಹಿಂದೆ '60 ಹರ್ಟ್ಸ್ ಮಾತ್ರ' ಅಂತ ಬರೆದಿತ್ತು. ಇಲ್ಲಿ ಹಾಕುವ ಹಾಗಿಲ್ಲ. ತಮ್ಮದೇ ದೇಶದಲ್ಲಿ ಊರು ಬದಲಾಯಿಸಿದ್ದಕ್ಕೆ ಬಿಸಾಡಬೇಕಾಯಿತು.

ಈಗ ಮುಂದಿನ ಮಾತು, ಹೊಸ ಕುಕ್ಕರಿನದು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇರುತ್ತಲ್ಲ, ಆ 'ಸ್ಟೆಪ್‌ಡೌನ್ ಹಾಕಿದರೆ ಆಗಲ್ವಾ' ಅಂತ ಭಾವ ಮೊನ್ನೆ ಕೇಳಿದರು. ಆಗುತ್ತೆ. 700 ವ್ಯಾಟಿನ ಕುಕ್ಕರ್‌ಗೆ ಸಾವಿರ ವಿಎಗಿಂತ (ಟ್ರಾನ್ಸ್‌ಫಾರ್ಮರ್ ಎಷ್ಟು ಹೊರೆ ತಾಳುತ್ತೆ ಅನ್ನುವ ಅಳತೆ) ಕಡಿಮೆಯದು ಹಾಕುವ ಹಾಗಿಲ್ಲ. ತೂಕ ಗೊತ್ತೇ ಇದೆಯಲ್ಲ. ಆದರೆ ನನ್ನ ಹೆದರಿಕೆ ಬೇರೆ. ನಿಮ್ಮ ಅಡುಗೆಮನೆಯ ಎಕ್ಸ್‌ಟೆನ್ಷನ್ ಬಾಕ್ಸಿಗೆ ಯಾವ ಕಡ್ಡಿ ಬೇಕಾದರೂ ಹೋಗುತ್ತೆ, ದುಂಡಗಿದ್ದರೂ ಸೈ, ಚಪ್ಪಟೆ ಇದ್ದರೂ ಸೈ. ಒಂದು ದಿನ ಅವಸರದಲ್ಲಿ ಯಾರೋ ಟ್ರಾನ್ಸ್‌ಫಾರ್ಮರ್ ಬಿಟ್ಟು ನೇರ ಅದಕ್ಕೆ ಸಿಕ್ಕಿಸುತ್ತಾರೆ. ಆಮೇಲೆ ಮತ್ತೆ ಟಪ್. ಬೇಡ. ಏರ್‌ಪೋರ್ಟಿನಲ್ಲಿ ಅಂಗೈಯಷ್ಟು ಟ್ರಾವೆಲ್ ಕನ್ವರ್ಟರ್ ಮಾರುತ್ತಾರೆ, ಅದಂತೂ ಬೇಡವೇ ಬೇಡ. ಬೋರ್ಡು ಇರುವ ಸಾಮಾನಿಗೆ ಅದು ಆಗಿಬರುವುದಿಲ್ಲ.

ಇಲ್ಲಿ ಅಕಿಹಾಬಾರಾ ಅಂತ ಒಂದು ಪೇಟೆ ಇದೆ. ಬೀದಿ ಪೂರ್ತಿ ಕರೆಂಟ್ ಸಾಮಾನಿನ ಅಂಗಡಿ, ನಮ್ಮ ಎಸ್‌ಪಿ ರೋಡಿನ ದೊಡ್ಡಣ್ಣ ಅನ್ನು. ಅಲ್ಲಿ ಹೊರದೇಶಕ್ಕೆ ಅಂತಲೇ ಮಾಡಿದ ಕುಕ್ಕರ್ ಸಿಗುತ್ತೆ. ತಳದಲ್ಲಿ 220-230 ಅಂತ ಇರುತ್ತೆ. ಹೋದ ಭಾನುವಾರ ಹೋಗಿ ನೋಡಿಬಂದೆ. ಈ ಸಲ ಒಂದೊಂದನ್ನೂ ತಲೆಕೆಳಗು ಮಾಡಿ ಚೀಟಿ ಓದಿದೆ. ಮಾಡೆಲ್ ಜಾಸ್ತಿ ಇಲ್ಲ. ಸೇಲ್ ಬೆಲೆಗಂತೂ ಸಿಗಲ್ಲ. ಆದರೆ ಬಟನ್ ಇಂಗ್ಲಿಷಿನಲ್ಲಿದೆ. ಹಳೆಯದರಲ್ಲಿ 'ಸುಯಿಹಾನ್' ಅಂದರೆ ಬೇಯಿಸು, 'ಹೋಓನ್' ಅಂದರೆ ಬಿಸಿಯಾಗಿಡು ಅಂತ ನಾನು ಸ್ಕೆಚ್ ಪೆನ್ನಿನಲ್ಲಿ ಕನ್ನಡ ಚೀಟಿ ಅಂಟಿಸಿದ್ದೆನಲ್ಲ, ಇದಕ್ಕೆ ಆ ರಗಳೆ ಇಲ್ಲ. ಪ್ಲಗ್ ಮಾತ್ರ ಯೂರೋಪಿನ ಎರಡು ಕಡ್ಡಿಯದು. ನಮ್ಮ ಸಾಕೆಟ್‌ನಲ್ಲಿ ಅದು ಸಡಿಲವಾಗಿ ಕೂರುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಮೂರು ಕಡ್ಡಿಯ ವೈರು, ಪ್ಲಗ್ಗು ಹಾಕಿಸೋಣ, ಅರ್ಥಿಂಗ್ ಸಮೇತ.

ಅಂಗಡಿಯವರು ಒಂದು ಕಥೆ ಹೇಳಿದರು. ಮೊದಲ ಆಟೋಮ್ಯಾಟಿಕ್ ಕುಕ್ಕರ್ ಬಂದಿದ್ದು 1955ರಲ್ಲಿ, ತೋಶಿಬಾದ್ದು. ಮಾಡಿದವರು ಮಿನಾಮಿ ಅಂತ. ಆದರೆ ದಿನಾ ಅನ್ನ ಬೇಯಿಸಿ ಬೇಯಿಸಿ ಪರೀಕ್ಷೆ ಮಾಡಿದ್ದು ಅವರ ಹೆಂಡತಿ ಫುಮಿಕೊ. ಹೊರಪಾತ್ರೆಗೆ ಒಂದಿಷ್ಟು ನೀರು, ಒಳಪಾತ್ರೆಯಲ್ಲಿ ಅಕ್ಕಿ. ಸುಮಾರು ಇಪ್ಪತ್ತು ನಿಮಿಷಕ್ಕೆ ಹೊರಗಿನ ನೀರು ಆವಿಯಾಗಿ ಮುಗಿದರೆ ಬಿಸಿ 100 ಡಿಗ್ರಿ ದಾಟುತ್ತೆ, ಸ್ವಿಚ್ ತಾನೇ ಬೀಳುತ್ತೆ. ಆ ಇಪ್ಪತ್ತು ನಿಮಿಷ ಸರಿಹೊಂದಿಸೋಕೆ ಆಕೆ ಎಷ್ಟು ಅಕ್ಕಿ ಬೇಯಿಸಿರಬೇಡ ಹೇಳು. ಹೆಸರು ಮಾತ್ರ ಗಂಡನದೇ ಮೊದಲು.

ಚಿಕ್ಕಮ್ಮನೂ ಒಂದು ಕೇಳಿದ್ದಾರೆ ಅಂತ ಗೊತ್ತು. ಅವರಿಗೆ ಅಲ್ಲೇ ತಿಪಟೂರಿನಲ್ಲೇ ಒಂದು ತಗೊಳ್ಳೋಕೆ ಹೇಳು, ದುಡ್ಡು ನಾನು ಕೊಡುತ್ತೇನೆ. ಇಲ್ಲಿಯ ಒಳಪಾತ್ರೆ ಗೀರಿದರೆ ಊರಿನಲ್ಲಿ ಬದಲಿ ಸಿಗಲ್ಲ, ಅವರ ಮನೆಯಲ್ಲಿ ಸ್ಟೀಲ್ ಸೌಟು ಬಿಟ್ಟರೆ ಬೇರೆ ಮುಟ್ಟಲ್ಲ. ಇದನ್ನು ನಾನು ಹೇಳಿದೆ ಅನ್ನಬೇಡ. ನಿನಗೆ ಮಾತ್ರ ತರುತ್ತೇನೆ, ಯುಗಾದಿಗೆ. ಪಾತ್ರೆಯೊಳಗಿನ ಗೆರೆ ಇಲ್ಲಿಯ ಗುಂಡಕ್ಕಿಗೆ ಹಾಕಿದ್ದು, ಸೋನಾ ಮಸೂರಿಗೆ ಅದು ಸಾಲದು, ನೀರು ಸ್ವಲ್ಪ ಜಾಸ್ತಿ ಬೇಕು. ಹಳೇ ಕುಕ್ಕರಿನ ಕಪ್ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೀಯಲ್ಲ, ಎಸೆಯಬೇಡ. ಅದು 180 ಎಂಎಲ್, ಇಲ್ಲಿಯವರು ಅದಕ್ಕೆ 'ಗೋ' ಅನ್ನುತ್ತಾರೆ, ನಮ್ಮ ಪಾವು ಇದ್ದ ಹಾಗೆ. ಹೊಸದಕ್ಕೂ ಅದೇ ಅಳತೆ.

ಭಾವನಿಗೆ ಈ ಪತ್ರ ಕೊಡು, ಅಮ್ಮನಿಗೂ ಓದಿ ಹೇಳು. ಹೇಳುವಾಗ ಮೊದಲ ಎರಡು ಪ್ಯಾರಾ ಬಿಡಬೇಡ. ಭಾವನಿಂದ ಒಂದು ಕೆಲಸ ಆಗಬೇಕು. ಅಡುಗೆಮನೆ ಸಾಕೆಟ್‌ನಲ್ಲಿ ವೋಲ್ಟೇಜ್ ಎಷ್ಟಿದೆ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಹಿಡಿಸಬೇಕು. ಒಂದು ಸಲ ಮಧ್ಯಾಹ್ನ, ಪಂಪ್‌ಸೆಟ್ ಓಡುವಾಗ. ಇನ್ನೊಂದು ಸಲ ರಾತ್ರಿ ಎಲ್ಲರೂ ಮಲಗಿದ ಮೇಲೆ. ಎರಡು ನಂಬರನ್ನೂ ವಾಟ್ಸಾಪ್ ಮಾಡಿ. ಅದು ಬಂದ ಮೇಲೇ ಅಂಗಡಿಯಲ್ಲಿ ಹೊಸ ಕುಕ್ಕರಿಗೆ ದುಡ್ಡು ಕೊಡುತ್ತೇನೆ.

ಇಂತಿ ನಿನ್ನ ಪ್ರೀತಿಯ ತಮ್ಮ