ಡ್ರಾ ಆಗಬೇಕಿದ್ದ ಆಟ

ಪ್ರೀತಿಯ ಅಪ್ಪಿಗೆ,

ಸಾಗರದಿಂದ ದೊಡ್ಡಪ್ಪನ ಆಶೀರ್ವಾದಗಳು. ಇನ್ನು ಆಟವನ್ನೇ ಬಿಡುತ್ತೇನೆ ಅಂತ ಬರೆದು, ಶಿವಮೊಗ್ಗದ ಚೆಸ್ ಟೂರ್ನಮೆಂಟಿನಲ್ಲಿ ನೀನು ಸೋತ ಆಟದ ಸ್ಕೋರ್‌ಶೀಟ್ ಕಳಿಸಿದ್ದೆಯಲ್ಲ, ಮಣೆ ಇಟ್ಟುಕೊಂಡು ಒಂದೊಂದೇ ನಡೆ ಆಡಿ ನೋಡಿದೆ. ಕುದುರೆ ಆಟವೆಲ್ಲ ಚೆನ್ನಾಗಿಯೇ ಇತ್ತು. ಕಡೆಗೆ ನಿನ್ನ ಎದುರಾಳಿಯ ಹತ್ತಿರ ಒಂದು ಆನೆ, ಒಂದು ಕಾಲಾಳು. ನಿನ್ನ ಹತ್ತಿರ ಬರೀ ಆನೆ. ನಿನ್ನ ರಾಜ ಕಾಲಾಳಿನ ದಾರಿಗೆ ಅಡ್ಡ ನಿಂತಿದ್ದ. ಅದು ಡ್ರಾ ಆಟ ಕಣೋ.

ಅಂಥ ಹೊತ್ತಲ್ಲಿ ನಿನ್ನ ಕಡೆಯಿಂದ ಎಣಿಸಿದರೆ ಬರುವ ಮೂರನೇ ಸಾಲನ್ನು ಆನೆ ಬಿಡಬಾರದು. ಅಲ್ಲೇ ಅತ್ತಿತ್ತ ಓಡಾಡಿಸುತ್ತಿರು, ಅವನ ರಾಜ ಆ ಸಾಲಿಗೆ ಬರಲು ಆಗುವುದಿಲ್ಲ. ಬೇರೆ ದಾರಿಯಿಲ್ಲದೆ ಅವನು ಕಾಲಾಳನ್ನೇ ಅಲ್ಲಿಗೆ ನೂಕುತ್ತಾನೆ. ಆಗ ಆನೆಯನ್ನು ಮಣೆಯ ಆ ತುದಿಗೆ ಓಡಿಸಿ ಹಿಂದಿನಿಂದ ಚೆಕ್ ಕೊಡುತ್ತಾ ಹೋಗು. ಅವನ ರಾಜ ಅವಿತುಕೊಳ್ಳಬೇಕಿದ್ದ ಜಾಗದಲ್ಲಿ ಅವನದೇ ಕಾಲಾಳು ಕೂತಿರುತ್ತದೆ. ಫಿಲಿಡೋರ್ ಎಂಬ ಫ್ರೆಂಚ್ ಆಟಗಾರ ಇದನ್ನು 1777ರಲ್ಲೇ ಬರೆದಿಟ್ಟಿದ್ದಾನೆ. ನೀನು ಹೆದರಿ ಆನೆಯನ್ನು ರಾಜನ ಪಕ್ಕಕ್ಕೆ ಎಳೆದುಕೊಂಡೆ.

ಗೊತ್ತಿರಲಿಲ್ಲ, ಕಲಿಯುತ್ತೀಯ. ನನಗೆ ಬೇಜಾರಾಗಿದ್ದು ಗಡಿಯಾರದ ವಿಷಯಕ್ಕೆ. ಅವನಿಗೆ ಉಳಿದಿದ್ದು 2 ನಿಮಿಷ, ನಿನಗೆ 20. ಅವನ ಟೈಮ್ ಮುಗಿಸಿ ಸೋಲಿಸೋಣ ಅಂತ ನೀನೂ ಪಟಪಟ ಆಡಿದೆ, ಅಲ್ವಾ? ಅವಸರ ಅವನದು. ಅದನ್ನು ನೀನ್ಯಾಕೆ ತಲೆ ಮೇಲೆ ಹಾಕಿಕೊಂಡೆ? ಆ ಒಂದು ನಡೆಗೆ 5 ನಿಮಿಷ ಕೂತಿದ್ದರೆ ಮೂರನೇ ಸಾಲು ನಿನಗೇ ಕಾಣುತ್ತಿತ್ತು. ಅಷ್ಟು ಬುದ್ಧಿ ನಿನಗಿದೆ.

2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟ ನೆನಪಿದೆಯಲ್ಲ? ಎಲ್ಲರೂ ಡ್ರಾ ಅಂದುಕೊಂಡಿದ್ದರು. ಒಂದು ಕಾಲಾಳು ಜಾಸ್ತಿ ಇದ್ದ ಗುಕೇಶ್ ಮಾತ್ರ ಬಿಡದೆ ಆಡುತ್ತಿದ್ದ. 55ನೇ ನಡೆಯಲ್ಲಿ ಆಗಿನ ವಿಶ್ವ ಚಾಂಪಿಯನ್ ಡಿಂಗ್ ಲಿರೆನ್ ಆನೆಗೆ ಆನೆ ಕೊಡಲು ಹೋದ. ಅದರ ಹಿಂದೆಯೇ ಒಂಟೆಗಳೂ ಹೋದವು. ರಾಜ, ಕಾಲಾಳು ಅಷ್ಟೇ ಉಳಿದ ಆಟದಲ್ಲಿ ಸೋತ. ವಿಶ್ವ ಚಾಂಪಿಯನ್‌ಗೇ ಹೀಗಾಗಿದೆ ಅಂದಮೇಲೆ ನೀನು ಆಟ ಬಿಡುತ್ತೇನೆ ಅನ್ನುವುದು ಸರಿಯಲ್ಲ.

ನಿನ್ನ ಆಟವನ್ನು ಈಗಲೇ ಕಂಪ್ಯೂಟರಿಗೆ ಹಾಕಬೇಡ. ಅದು ಸುಮ್ನೆ ಉತ್ತರ ಹೇಳಿಬಿಡುತ್ತದೆ. ಮೊದಲು ನೀನೇ ಆಡಿ ನೋಡಿ, ಎಲ್ಲೆಲ್ಲಿ ಹೆದರಿದೆ ಅಂತ ನಡೆಯ ಪಕ್ಕ ಬರೆ. ಮುಂದಿನ ಟೂರ್ನಮೆಂಟಿಗೆ ಹೆಸರು ಕೊಡು, ಎಂಟ್ರಿ ಫೀಸ್ ನಾನು ಕಳಿಸುತ್ತೇನೆ.

ನಿನ್ನ ದೊಡ್ಡಪ್ಪ