ಮೂರು ಸೊನ್ನೆ ಎಲ್ಲಿ ಹೋದವು?

ಮಾನ್ಯರೇ,

ಜರ್ಮನಿಯ ಮೂಲಸೌಕರ್ಯ ನಿಧಿ '500 ಮಿಲಿಯನ್ ಯೂರೊ, ಅಂದರೆ 50 ಕೋಟಿ' ಎಂದು ನಿನ್ನೆ ವಾಣಿಜ್ಯ ಪುಟದಲ್ಲಿ ಅಚ್ಚು ಹಾಕಿದ್ದೀರಿ. ಐವತ್ತು ಕೋಟಿಯಲ್ಲಿ ಇಡೀ ದೇಶದ ರೈಲು, ಸೇತುವೆ ರಿಪೇರಿ! ನಮ್ಮ ಗುತ್ತಿಗೆದಾರರು ಹೋಗಿ ಕಲಿತು ಬರಲಿ.

ಜರ್ಮನ್ ಪತ್ರಿಕೆಗಳು ಮಿಲಿಯನ್‌ಗೆ 'ಎಂ.ಐ.ಒ.' ಎಂದೂ ಮಿಲಿಯಾರ್ಡೆಗೆ 'ಎಂ.ಆರ್.ಡಿ.' ಎಂದೂ ಚಿಕ್ಕದಾಗಿ ಬರೆಯುತ್ತವೆ. ನಿಮ್ಮ ಡೆಸ್ಕಿನವರು 'ಎಂ' ನೋಡಿ ಅಲ್ಲಿಗೇ ನಿಂತಿದ್ದಾರೆ. ಮಿಲಿಯಾರ್ಡೆ ಎಂದರೆ ನೂರು ಕೋಟಿ. ಮೊತ್ತ 50 ಸಾವಿರ ಕೋಟಿ ಯೂರೊ. ಬೆಳಿಗ್ಗೆಯೇ ಜರ್ಮನ್ ಕಲಿಯುವ ಹುಡುಗರ ಫೋನು: 'ಪೇಪರಲ್ಲೇ ಬಂದಿದೆಯಲ್ಲ?' ಕಾಫಿ ಆರಿತು, ಪಾಠ ಕೆಟ್ಟಿತು, ಸೊನ್ನೆ ಎಣಿಸುವುದರಲ್ಲೇ ತರಗತಿ ಮುಗಿಯಿತು.

ಇನ್ನು 'ಬಿಲಿಯನ್' ಕಂಡರೆ ಏನು ಮಾಡುತ್ತೀರೋ! 1484ರಲ್ಲಿ ಫ್ರಾನ್ಸಿನ ಗಣಿತಜ್ಞ ನಿಕೊಲಾ ಶುಕೆ ಬರೆದಾಗ ಅದು ಮಿಲಿಯನ್ನಿನ ವರ್ಗ, ಅಂದರೆ ಮಿಲಿಯನ್ನನ್ನು ಮಿಲಿಯನ್ನಿನಿಂದಲೇ ಗುಣಿಸಿದ್ದು; 'ಬಿ' ಎಂದರೆ ಎರಡು. 1ರ ಮುಂದೆ 12 ಸೊನ್ನೆ, ನಮ್ಮ ಲಕ್ಷ ಕೋಟಿ. ಆಮೇಲೆ ಫ್ರೆಂಚರೇ ಅದನ್ನು 9 ಸೊನ್ನೆಗೆ ಇಳಿಸಿದರು, ಅಮೆರಿಕ ಅದನ್ನು ಹಿಡಿದುಕೊಂಡಿತು. 1961ರಲ್ಲಿ ಫ್ರಾನ್ಸ್ ವಾಪಸ್ 12ಕ್ಕೆ ಹೋದರೆ, 1974ರಲ್ಲಿ ಬ್ರಿಟನ್ ಸರ್ಕಾರ 12 ಬಿಟ್ಟು 9ಕ್ಕೆ ಬಂತು. ಜರ್ಮನ್, ಸ್ಪ್ಯಾನಿಷ್‌ನಲ್ಲಿ ಇಂದಿಗೂ 12. ಒಂಬತ್ತು ಸೊನ್ನೆಗೆ ಸ್ಪೇನಿನವರು 'ಸಾವಿರ ಮಿಲಿಯನ್' ಎನ್ನುತ್ತಾರೆ. ಪೋರ್ಚುಗೀಸ್ ಅಂತೂ ಕೇಳಬೇಡಿ, ಪೋರ್ಚುಗಲ್ಲಿನಲ್ಲಿ 12, ಬ್ರೆಜಿಲ್ಲಿನಲ್ಲಿ 9! ರಷ್ಯನ್ನರು 9 ಸೊನ್ನೆಯ ಮಿಲಿಯಾರ್ದ್ ಆದಮೇಲೆ ಬಿಲಿಯನ್ ಬಿಟ್ಟು ನೇರ 12 ಸೊನ್ನೆಯ ತ್ರಿಲಿಯೋನಿಗೆ ಜಿಗಿಯುತ್ತಾರೆ. ಆದ್ದರಿಂದ ಯಾವ ಭಾಷೆಯಿಂದ ಬಂದ ಸುದ್ದಿ ಎಂದು ಮೊದಲು ನೋಡಬೇಕು, ಆಮೇಲೆ ಕೋಟಿಗೆ ಇಳಿಸಬೇಕು. ಅಂದ ಹಾಗೆ ಜರ್ಮನ್ನಿನ '1.500' ಒಂದೂವರೆ ಅಲ್ಲ, ಸಾವಿರದ ಐನೂರು. ಅಲ್ಲಿ ಚುಕ್ಕಿ ನಮ್ಮ ಅಲ್ಪವಿರಾಮದ ಕೆಲಸ ಮಾಡುತ್ತದೆ.

ನಿಮ್ಮನ್ನೊಬ್ಬರನ್ನೇ ಅಂದು ಏನು ಪ್ರಯೋಜನ? ಸರ್ಕಾರಿ ಪ್ರಕಟಣೆಗಳದ್ದೂ ಇದೇ ಹಾಡು. ಹೂಡಿಕೆ ಒಪ್ಪಂದ ಎಂದರೆ ಇಂಗ್ಲಿಷ್ ಪುಟದಲ್ಲಿ ಬಿಲಿಯನ್, ಕನ್ನಡ ಪುಟದಲ್ಲಿ ಕೋಟಿ, ಎರಡಕ್ಕೂ ತಾಳೆಯಿಲ್ಲ. ಪತ್ರ ಬರೆದರೆ 'ಸಂಬಂಧಪಟ್ಟವರಿಗೆ ರವಾನಿಸಲಾಗಿದೆ' ಎಂಬ ಉತ್ತರ. ಆ ಸಂಬಂಧಪಟ್ಟವರು ಯಾರೋ, ಯಾವ ಕೊಠಡಿಯಲ್ಲಿ ಕೂತಿರುತ್ತಾರೋ! ಅವರಿಗೆ ಕನ್ನಡದ ಲಕ್ಷ ಕೋಟಿ ಬರೆಯಲು ನಾಚಿಕೆ, ಬಿಲಿಯನ್ ಬರೆಯಲು ಬಾರದು.

ನಾಳೆ ತಿದ್ದುಪಡಿ ಹಾಕಿ, ಮೂಲೆಯಲ್ಲಲ್ಲ, ಅದೇ ಪುಟದಲ್ಲಿ. ಇಲ್ಲವೇ ಡೆಸ್ಕಿನಲ್ಲಿ ಸೊನ್ನೆ ಎಣಿಸಬಲ್ಲ ಒಬ್ಬರನ್ನಾದರೂ ಕೂರಿಸಿ. ಇಲಾಖೆಯವರಿಗೂ ಯಾರಾದರೂ ಇದನ್ನು ಹೇಳಿ.

— ಜರ್ಮನ್ ಬೋಧಕ, ಬೆಂಗಳೂರು