ಗದಗ ಸೀಮೆಯ ನನ್ನ ಜನರಿಗೆ ವಂದನೆಗಳು

28 ವರ್ಷಗಳ ಕ್ರೈಸ್ತ ಸಭಾಪಾಲನೆಯ ಸೇವೆಯಿಂದ ಕಳೆದ ತಿಂಗಳು ನಿವೃತ್ತನಾದ ನಾನು, ಗದಗ ಸೀಮೆಯ ಊರುಗಳಲ್ಲಿ ನಾನು ಹೇಳಿದ ಸುವಾರ್ತೆಗೆ ಕಿವಿಗೊಟ್ಟವರಿಗೆ, ಅದನ್ನು ಒಪ್ಪದಿದ್ದರೂ ನನ್ನ ಸ್ನೇಹವನ್ನು ಬಿಡದವರಿಗೆ ಮನಃಪೂರ್ವಕ ಕೃತಜ್ಞತೆಗಳನ್ನು ಸಲ್ಲಿಸುತ್ತೇನೆ.

ಮನೆಯಲ್ಲಿ ತುಳು ಆಡುತ್ತ ಬೆಳೆದು, ಮಂಗಳೂರಿನ ಬಲ್ಮಠದಲ್ಲಿ ದೇವಶಾಸ್ತ್ರ ಓದಿ ಬಂದವನಿಗೆ ಇಲ್ಲಿಯ ಕನ್ನಡವೇ ಹೊಸದಾಗಿತ್ತು. ಪಕ್ಕದ ಮನೆಯ ನಿವೃತ್ತ ಮಾಸ್ತರರು, ಇಷ್ಟಲಿಂಗ ಪೂಜೆ ಮುಗಿಸದೆ ಒಂದು ಲೋಟ ನೀರನ್ನೂ ಕುಡಿಯದವರು, ಎರಡು ವರ್ಷ ಪ್ರತಿ ಶನಿವಾರ ಸಂಜೆ ಚರ್ಚಿನಲ್ಲಿ ನಾನು ಮಾಡುವ ಪ್ರಸಂಗದ ಹಾಳೆಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟರು. "ನಂಬಿಗಿ ನಿಮ್ಮದು, ಅದರಾಗ ನಾ ಕೈ ಹಾಕೂದಿಲ್ಲ, ಕನ್ನಡ ಮಾತ್ರ ನೆಟ್ಟಗಿರಲಿ" ಎನ್ನುತ್ತಿದ್ದರು. ಕಿಟೆಲ್ ಅವರು 1862ರಲ್ಲಿಯೇ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಟ್ಟಿದ್ದನ್ನು ನಾನು ಓದಿ ತಿಳಿದಿದ್ದೆ. ಜರ್ಮನಿಯಿಂದ ಬಂದವರೊಬ್ಬರು ಅಷ್ಟು ಶ್ರಮಪಟ್ಟದ್ದೇಕೆ ಎಂಬುದು ಅರ್ಥವಾದದ್ದು ಮಾಸ್ತರರ ಪಡಸಾಲೆಯಲ್ಲಿ ಕುಳಿತಾಗ.

ಬೆಟಗೇರಿಯ ನೇಕಾರರ ಮನೆಯೊಂದರಲ್ಲಿ, ಶುಭ ಶುಕ್ರವಾರದ ಸಂಜೆ, ಪಾಪ ಎಂದರೇನು, ಅದರ ಪರಿಹಾರವೇನು ಎಂದು ನಾನು ಬಹಳ ಹೊತ್ತು ವಿವರಿಸಿ, ಕೊನೆಗೆ ಶಿಲುಬೆಯ ಕಥೆಗೆ ಬಂದೆ. ಮಗ್ಗ ನಿಂತಿತು. ಮೂಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದ ಮುದುಕಿ ಕೈ ತಡೆದು, "ಪಾಪ! ಅವನ ಹಡದವ್ವ ಅಲ್ಲೇ ನಿಂತಿದ್ಲೇನ ತಮ್ಮಾ?" ಎಂದು ಕೇಳಿದರು. ಹೌದವ್ವ, ಅಲ್ಲಿಯೇ ನಿಂತಿದ್ದಳು ಎಂದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಅಪರಾಧದ ಹೆಸರಾಗಿ ಆಡಿದ ಶಬ್ದ ಅವರ ಬಾಯಲ್ಲಿ ಕರುಣೆಯಾಗಿ ಬಂದಿತ್ತು. ಅಂದಿನಿಂದ ನಾನು ಮೊದಲು ಕಥೆ ಹೇಳಿದೆ. ವಿವರಣೆಯನ್ನು ಕೇಳಿದವರಿಗೆ ಮಾತ್ರ ಕೊಟ್ಟೆ. ಆ ತಾಯಿ ಕ್ರೈಸ್ತರಾಗಲಿಲ್ಲ. ನನ್ನ ಸೇವೆಯನ್ನು ತಿದ್ದಿದವರಲ್ಲಿ ಅವರನ್ನೇ ಮೊದಲು ನೆನೆಯುತ್ತೇನೆ.

ಕಾಮಾಲೆಯಿಂದ ನಾನು ಹಾಸಿಗೆ ಹಿಡಿದ ವರ್ಷ, ಹಿಂದಿನ ಓಣಿಯ ಮುಸಲ್ಮಾನ ಕುಟುಂಬದವರು, ರಮಜಾನಿನಲ್ಲಿ ತಾವು ರೋಜಾ ಇದ್ದೂ, ಮೂರು ವಾರ ಮಧ್ಯಾಹ್ನ ತಪ್ಪದೆ ಗಂಜಿ ಕಳುಹಿಸಿದರು. ಸಭೆಯ ಹಿರಿಯರು ನನ್ನ ಮನೆಯನ್ನು ತಮ್ಮದೆಂದೇ ನೋಡಿಕೊಂಡರು. ಇವರೆಲ್ಲರಿಗೂ ನಾನು ಋಣಿ.

ಮೊದಲ ವರ್ಷಗಳಲ್ಲಿ, ಕೇಳಿಸಿಕೊಳ್ಳುವ ತಾಳ್ಮೆಯಿಲ್ಲದೆ, ಇತರರ ಪೂಜೆ ಪುರಸ್ಕಾರಗಳ ಬಗ್ಗೆ ಹಗುರವಾಗಿ ಆಡಿದ್ದೂ ಉಂಟು. ಅದರಿಂದ ನೊಂದವರಲ್ಲಿ ಕ್ಷಮೆ ಬೇಡುತ್ತೇನೆ.

ಮಾಸ್ತರರು ಈಗ ನಮ್ಮೊಂದಿಗಿಲ್ಲ. ಅವರು ತಿದ್ದಿದ ಹಾಳೆಗಳನ್ನು ಅವರ ಮಗಳಿಗೆ ತೋರಿಸಿ, ಅವರ ಒಪ್ಪಿಗೆ ಪಡೆದು, ನನ್ನೊಡನೆ ಮಂಗಳೂರಿಗೆ ಒಯ್ಯುತ್ತಿದ್ದೇನೆ.